ನೀರೊಳಗಿನ ಏರುದಾರಿ

ಅವಳನ್ನು ಎಲ್ಲರೂ ಕೊಳದಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಆದರೆ ಬಳಸುವವರಿಲ್ಲದೆ ಅದು ಪೆಟ್ಟಿಗೆಯ ತಳದಲ್ಲಿಟ್ಟ ಒಳ್ಳೆಯ ಸೀರೆಯ ಹಾಗೆ ಮಡಿಕೆ ಬಿದ್ದಿತ್ತು. ಹಿತ್ತಲಲ್ಲಿ ಈಜುಕೊಳ ಕಟ್ಟಿಸಿಕೊಂಡ ಮನೆಯವರಿಗೆಲ್ಲ ಇವಳೇ ಬೇಕು. ಅಂಚಿನ ಹಾಸುಕಲ್ಲು ಬಾಯಿ ಬಿಟ್ಟಿತೋ, ತಳದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತೋ, ಮೆಟ್ಟಿಲ ಪಕ್ಕದ ಮಣ್ಣು ಸುಮ್ಮಸುಮ್ಮನೆ ಒದ್ದೆಯಾಯಿತೋ, ಮೊದಲು ಬರುವ ಮಾತು, "ಕೊಳದಮ್ಮನ್ನ ಕರೀರಿ."

ಬಂದವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೊಳದ ಅಂಚಿನಲ್ಲಿ ನಡೆಯುತ್ತಿದ್ದಳು. ನಿದ್ದೆಯಲ್ಲಿ ನಡೆಯುವವರ ಹಾಗೆ, ಕಣ್ಣು ಅರ್ಧ ಮುಚ್ಚಿ, ಹಿಮ್ಮಡಿಯಿಂದ ನೆಲ ಕುಟ್ಟುತ್ತ. ಆಮೇಲೆ ಕೂತು ಸುತ್ತಿಗೆಯ ಮರದ ಹಿಡಿಯಿಂದ ತಟ್ಟುತ್ತಿದ್ದಳು. ಮಣ್ಣು ತುಂಬಿದ ನೆಲ "ಟಕ್" ಎನ್ನುತ್ತದೆ. ಟೊಳ್ಳು ನೆಲ "ಡಬ್" ಎನ್ನುತ್ತದೆ, ಖಾಲಿ ಹೊಟ್ಟೆಯವರು ಮಾತಾಡಿದ ಹಾಗೆ. ಅವಳ ಅರ್ಧ ವಿದ್ಯೆ ಇಷ್ಟೇ. ಇನ್ನರ್ಧ ಅವಳ ಮೈದುನ. ಗಂಡನ ತಮ್ಮ, ಕಸುಬಿನಲ್ಲಿ ಪ್ಲಂಬರ್, ಬಾಯಿಯಲ್ಲಿ ತಗಡಿನ ಡಬ್ಬಿ. ಐವತ್ತು ದಾಟಿದರೂ ಅತ್ತಿಗೆಯನ್ನು ರೇಗಿಸದೆ ಅವನಿಗೆ ಊಟ ಸೇರದು.

"ಮೂವತ್ತೈದು ವರ್ಷದಿಂದ ಕೊಳದಲ್ಲೇ ಇದಾಳೆ ನಮ್ಮತ್ತಿಗೆ," ಎನ್ನುತ್ತಿದ್ದ ಹೋದ ಮನೆಯಲ್ಲೆಲ್ಲ. "ಈಜೋಕೆ ಮಾತ್ರ ಬರಲ್ಲ. ಮೊಣಕಾಲಿಗಿಂತ ಮೇಲೆ ನೀರು ಬಂದ್ರೆ ನನ್ನ ಹೆಸರು ಹಿಡಿದು ಕೂಗ್ತಾಳೆ."

"ಕೊಳ ಕಟ್ಟೋರು ಈಜಬೇಕು ಅಂತೇನಿಲ್ಲ ಕಣೋ. ನೀನು ನಲ್ಲಿ ರಿಪೇರಿ ಮಾಡೋನು, ವಾರಕ್ಕೆಷ್ಟು ಸಲ ಸ್ನಾನ ಮಾಡ್ತೀಯ ಹೇಳು ನೋಡೋಣ."

ಹದಿನೇಳರಲ್ಲಿ ಗಂಡನ ಹಿಂದೆ ಬಾಂಡ್ಲಿ ಹೊತ್ತು ಈ ಕೆಲಸಕ್ಕೆ ಬಂದವಳು. ಗಂಡ ಟೈಲ್ಸ್ ಕೂರಿಸುತ್ತಿದ್ದ. ಅವನ ಕಣ್ಣು ಮಂಜಾದಾಗ ಕರಣೆ ಇವಳ ಕೈಗೆ ಬಂತು, ಸೌಟು ಅವನ ಕೈಗೆ ಹೋಯಿತು. ಇಬ್ಬರಿಗೂ ಬದಲಾವಣೆ ಒಗ್ಗಿತು. ಕೆಲಸ ಕೈಗೆ ಬಂದ ಹೊಸತರಲ್ಲಿ ಅವಳೊಂದು ತಪ್ಪು ಮಾಡಿದ್ದಳು. ಮಳೆಗಾಲದಲ್ಲಿ, ಕೆರೆಯ ಪಕ್ಕದ ಮನೆಯೊಂದರಲ್ಲಿ, ರಿಪೇರಿಗೆಂದು ಕೊಳದ ನೀರನ್ನೆಲ್ಲ ಒಂದೇ ದಿನದಲ್ಲಿ ಹೊರಹಾಕಿಸಿದಳು. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಕೊಳ ನೆಲದಿಂದ ಒಂದು ಗೇಣು ಮೇಲೆದ್ದು ನಿಂತಿದೆ, ದಡಕ್ಕೆ ಕಟ್ಟಿದ ದೋಣಿಯ ಹಾಗೆ! ಕೆಳಗಿನ ಅಂತರ್ಜಲ ಬರಿದಾದ ಕೊಳವನ್ನು ಎತ್ತಿ ಬಿಟ್ಟಿತ್ತು. ಒಳಗಿನ ನೀರೇ ಕೊಳವನ್ನು ಹಿಡಿದಿಟ್ಟ ಭಾರ ಎಂಬುದು ಅವಳಿಗೆ ಆವತ್ತು ತಿಳಿಯಿತು. ಅಂದಿನಿಂದ "ಕೊಳ ಬರಿದು ಮಾಡಿ" ಎಂದು ಯಾರಾದರೂ ಅಂದರೆ ಮೊದಲು ನೆಲದಡಿಯ ನೀರು ಎಲ್ಲಿದೆಯೆಂದು ನೋಡುತ್ತಿದ್ದಳು. ಅಂದಿನಿಂದಲೇ ಆ ಕನಸೂ ಶುರುವಾದದ್ದು. ಕನಸಿನಲ್ಲಿ ಅವಳು ಕೊಳಗಳ ಕೆಳಗೆ ನಡೆಯುತ್ತಿರುತ್ತಾಳೆ. ತಲೆಯ ಮೇಲೆ ತೆಳ್ಳಗಿನ ನೀಲಿ ಚಾವಣಿ, ಅದರ ಮೇಲೆ ಯಾರದೋ ಪಾದಗಳು. ಯಾರದೆಂದು ನೋಡಲು ಕತ್ತೆತ್ತಿದರೆ ಎಚ್ಚರವಾಗುತ್ತದೆ.

ಒಂದು ಮಧ್ಯಾಹ್ನ ಅವಳನ್ನು ಹುಡುಕಿಕೊಂಡು ಒಬ್ಬಳು ಬಂದಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಕೈಬೆರಳಲ್ಲಿ ಸೀಮೆಸುಣ್ಣ ಹಾಗೇ ಇತ್ತು. ನಾವೂ ಅವಳನ್ನು ಟೀಚರ್ ಎಂದೇ ಕರೆಯೋಣ.

"ನಮ್ಮನೆ ಕೊಳ ಮುಚ್ಚಬೇಕು," ಅಂದಳು.

"ಸೋರ್ತಿದೆಯಾ?"

"ರಿಪೇರಿಗಲ್ಲ. ಒಡೆದು, ಮಣ್ಣು ತುಂಬಿ, ಪೂರ್ತಿ ಮುಚ್ಚೋದು. ಅಡುಗೆಮನೆ ಗೋಡೆ ಬಿರುಕು ಬಿಟ್ಟಿದೆ. ಎಂಜಿನಿಯರ್ ಬಂದು ನೋಡಿದ್ರು. ಕೊಳ ಮನೆನ ಎಳ್ಕೊಂಡು ಹೋಗ್ತಿದೆ ಅಂದ್ರು."

"ಎಳ್ಕೊಂಡು ಎಲ್ಲಿಗೆ ಹೋಗತ್ತೆ ಮೇಡಂ? ಸಿನಿಮಾಕ್ಕಾ?" ಅಂದ ಮೈದುನ.

ಟೀಚರ್ ನಗಲಿಲ್ಲ. ಕೊಳದಮ್ಮ ಅವನ ಕಡೆ ಒಂದು ನೋಟ ಬೀರಿ, ಎದ್ದು ಸುತ್ತಿಗೆ ಚೀಲಕ್ಕೆ ಹಾಕಿಕೊಂಡಳು.

ಬೀದಿಯ ಕೊನೆಯ ಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಮೂರು ಹೆಜ್ಜೆಗೆ ಕೊಳ. ನೀರಿನ ಮೇಲಿನ ಬಿಸಿಲು ಅಡುಗೆಮನೆಯ ಚಾವಣಿಯ ಮೇಲೆ ಕುಣಿಯುತ್ತಿತ್ತು. ಪಾತ್ರೆಗಳ ಮೇಲೂ, ಅಕ್ಕಿ ಡಬ್ಬದ ಮೇಲೂ, ಕಿಟಕಿಯ ಮೂಲೆಯಿಂದ ನೆಲದವರೆಗೆ ಇಳಿದಿದ್ದ ಬಿರುಕಿನ ಮೇಲೂ ಅದೇ ಬೆಳಕು ತೇಲುತ್ತಿತ್ತು. ಬಿರುಕಿನಲ್ಲಿ ಉಗುರು ತೂರುವಷ್ಟು ಜಾಗ. ಹೊರಗೆ, ಕೊಳದಲ್ಲಿ, ಒಬ್ಬ ಹೆಂಗಸು ಎದೆಮಟ್ಟದ ನೀರಿನಲ್ಲಿ ನಡೆಯುತ್ತಿದ್ದಳು. ಈಜುತ್ತಿರಲಿಲ್ಲ, ನಡೆಯುತ್ತಿದ್ದಳು. ಕೈಯಲ್ಲೊಂದು ಬಿದಿರ ಕೋಲು. ಹನ್ನೊಂದು ಹೆಜ್ಜೆ ಹೋಗುವುದು, ತಿರುಗುವುದು, ಹನ್ನೊಂದು ಹೆಜ್ಜೆ ಬರುವುದು.

"ನಮ್ಮಕ್ಕ," ಅಂದಳು ಟೀಚರ್, ದನಿ ತಗ್ಗಿಸಿ.

ಅಕ್ಕ ಇಪ್ಪತ್ತಾರು ವರ್ಷ ಅಂಚೆ ಹಂಚಿದವಳು. ಊರಿನ ಯಾವ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಅವಳ ಕಾಲಿಗೆ ಬಾಯಿಪಾಠ. ಹಿಮ್ಮುಖವಾಗಿ ಬಂದ ಲಾರಿಯೊಂದು ಸೊಂಟ ಮುರಿದ ಮೇಲೆ ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲೂ ಎರಡು ಊರುಗೋಲು ಬೇಕಾದವು. ನೀರು ಮಾತ್ರ ಅವಳ ಭಾರವನ್ನು ತಾನು ಹೊತ್ತುಕೊಂಡಿತು. ಅದಕ್ಕೆಂದೇ ಟೀಚರ್, ಹಳೆಯದಾದರೂ ಸರಿ ಎಂದು, ತಳ ಸಮನಾಗಿದ್ದ ಈ ಕೊಳದ ಮನೆ ಹುಡುಕಿ ಕೊಂಡಿದ್ದಳು. ಎಂಟು ವರ್ಷದಿಂದ ದಿನವೂ ನಾಲ್ಕು ಗಂಟೆಗೆ ಅಂಚೆಯಕ್ಕ ನೀರಿಗಿಳಿದು ತನ್ನ ಹಳೆಯ ಬೀದಿಗಳಲ್ಲಿ ನಡೆಯುತ್ತಿದ್ದಳು.

"ದಾರಿ ಬಿಡಿ, ದಾರಿ ಬಿಡಿ," ಅಂದಳು ಅಂಚೆಯಕ್ಕ ಹತ್ತಿರ ಬರುತ್ತ. "ಗಿರಣಿ ಬೀದಿ ಈಗ ಮುಗೀತು. ಇನ್ನು ನೀರ್ಟ್ಯಾಂಕಿನ ದಿಬ್ಬ ಹತ್ತಬೇಕು. ಬ್ಯಾಗು ಭಾರ ಇದೆ."

"ನಮ್ಮನೆಗೆ ಏನಾದ್ರೂ ಕಾಗದ ಇದೆಯಾ ಅಕ್ಕ?" ಮೈದುನ ಕೇಳಿದ.

"ಇತ್ತು. ಹೆಣ್ಣಿನ ಕಡೆಯೋರು ಬರೆದಿದ್ರು. ವಿಳಾಸದಾರರಿಗೆ ವಯಸ್ಸಾಗಿದೆ ಅಂತ ಷರಾ ಬರೆದು ವಾಪಸ್ ಕಳಿಸ್ಬಿಟ್ಟೆ."

ಮೈದುನ ಬಾಯಿ ಮುಚ್ಚಿದ್ದನ್ನು ಕೊಳದಮ್ಮ ಅಂದು ಮೊದಲ ಸಲ ಕಂಡಳು. ನಗುತ್ತಲೇ ಕೊಳದ ಅಂಚು ನೋಡಿದಳು. ನಗು ಅಲ್ಲೇ ನಿಂತಿತು. ನೀರಂಚಿಗೆ ಸುತ್ತಲೂ ನೀಲಿ ಟೈಲ್ಸಿನ ಒಂದು ಸಾಲು ಇತ್ತು. ಆಚೆ ತುದಿಯಲ್ಲಿ ಆ ಸಾಲು ಪೂರ್ತಿ ನೀರಿನ ಮೇಲಿದೆ. ಮನೆಯ ಕಡೆಯ ತುದಿಯಲ್ಲಿ ನಾಲ್ಕು ಬೆರಳು ಮುಳುಗಿದೆ. ನೀರು ಯಾವತ್ತೂ ಸಮನಾಗಿಯೇ ಮಲಗುತ್ತದೆ. ಹಾಗಾದರೆ ವಾಲಿರುವುದು ಕೊಳ. ಮನೆಯ ಕಡೆ ತಗ್ಗಿದೆ, ಮನೆಯ ಮೂಲೆಯನ್ನೂ ಜೊತೆಗೆ ಕರೆದುಕೊಂಡಿದೆ.

"ಮುಚ್ಚೋ ವಿಷಯ ಅಕ್ಕನಿಗೆ ಗೊತ್ತಾ?"

"ಇನ್ನೂ ಹೇಳಿಲ್ಲ." ಟೀಚರ್ ಸೀಮೆಸುಣ್ಣದ ಬೆರಳುಗಳನ್ನು ಉಜ್ಜಿಕೊಂಡಳು. "ಹೇಗೆ ಹೇಳ್ಲಿ? ನಾಳೆಯಿಂದ ನೀನು ನಡೆಯೋ ಹಾಗಿಲ್ಲ ಅಂತಲಾ? ಆದ್ರೆ ಮನೆನೇ ಬಿದ್ರೆ ಇಬ್ರೂ ಎಲ್ಲಿಗೆ ಹೋಗೋದು ಕೊಳದಮ್ಮಾ?"

ಕೊಳದಮ್ಮ ಮತ್ತೊಮ್ಮೆ ನೀರಿನ ಕಡೆ ನೋಡಿದಳು. ಸಂಜೆಯ ಬೆಳಕಿನಲ್ಲಿ ಅಂಚೆಯಕ್ಕ ನಿಧಾನವಾಗಿ, ಗಾಳಿಯಲ್ಲಿ ನಡೆಯುವವಳ ಹಾಗೆ, ದೂರ ಹೋಗುತ್ತಿದ್ದಳು. "ನಿಮಗೆ ರಜೆ ಎಷ್ಟು ದಿನ?"

"ನಾಳೆಯಿಂದ ಎಂಟು ವಾರ."

"ಅಷ್ಟು ದಿನ ಕೊಡಿ. ಅಡುಗೆಮನೆ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸ್ತೀನಿ. ಗೋಡೆ ಕೂದಲಿನಷ್ಟು ಸರಿದ್ರೂ ಗಾಜು ಒಡಿಯತ್ತೆ. ಕೆಲಸ ಮುಗಿಸಿ, ಕೊಳ ತುಂಬಿಸಿ, ಒಂದು ವಾರ ನೋಡೋಣ. ಗಾಜು ಉಳಿದ್ರೆ ಕೊಳ ಉಳೀಲಿ. ಒಡೆದ್ರೆ ನಾನೇ ನಿಂತು ಮಣ್ಣು ತುಂಬಿಸ್ತೀನಿ. ಒಂದು ಮಾತೂ ಆಡಲ್ಲ."

ಟೀಚರ್ ಸರಿ ಎಂದು ತಲೆಯಾಡಿಸಿದಳು. ಕೊಳದಮ್ಮ ಅಂದೇ ಮೂರು ಗಾಜಿನ ಪಟ್ಟಿ ಅಂಟಿಸಿದಳು.

ಮಾರನೆಯ ದಿನ ಬಕೆಟ್ ಇಟ್ಟದ್ದು. ಇದು ಕೊಳದವರ ಹಳೆಯ ಉಪಾಯ. ಕೊಳದ್ದೇ ನೀರು ತುಂಬಿದ ಬಕೆಟ್ಟನ್ನು ಕೊಳದ ಮೆಟ್ಟಿಲ ಮೇಲೆ ಇಟ್ಟು, ಬಕೆಟ್ಟಿನಲ್ಲೊಂದು ಗೆರೆ, ಕೊಳದ ಗೋಡೆಯಲ್ಲೊಂದು ಗೆರೆ ಎಳೆಯುವುದು. ಬಿಸಿಲು ಎರಡರಿಂದಲೂ ಒಂದೇ ಅಳತೆಯಲ್ಲಿ ಕುಡಿಯುತ್ತದೆ. ಕೊಳ ಅದಕ್ಕಿಂತ ಹೆಚ್ಚು ಇಳಿದರೆ ಸೋರುತ್ತಿದೆ ಎಂದರ್ಥ.

ಒಂದು ಹಗಲು, ಒಂದು ರಾತ್ರಿ ಬಿಟ್ಟು ಬಂದು ನೋಡಿದರೆ ಬಕೆಟ್ಟಿನ ನೀರು ಅರ್ಧ ಉಗುರಿನಷ್ಟು ಇಳಿದಿದೆ. ಕೊಳದ ನೀರು ಗೆರೆ ಬಿಟ್ಟು ಅಲುಗಿಲ್ಲ.

"ಗೊತ್ತಾಯ್ತು ಅತ್ತಿಗೆ," ಅಂದ ಮೈದುನ ಗಂಭೀರವಾಗಿ. "ಕೊಳ ಚೆನ್ನಾಗಿದೆ. ಬಕೆಟ್ ಸೋರ್ತಿದೆ. ಅದನ್ನೇ ಮುಚ್ಚಿಬಿಡೋಣ."

ಕೊಳದಮ್ಮ ಇನ್ನೊಂದು ದಿನ ಇಟ್ಟಳು. ಮತ್ತೆ ಅದೇ. ಮೂವತ್ತೈದು ವರ್ಷದಲ್ಲಿ ಬಿಸಿಲಿಗೂ ಆರದ ಕೊಳವನ್ನು ಅವಳು ಕಂಡಿರಲಿಲ್ಲ. ಸೋರದ ಕೊಳ ಇರಬಹುದು. ಆರದ ಕೊಳ ಎಲ್ಲಿದೆ? ಅಂಚಿನಲ್ಲಿ ಕೂತು ಯೋಚಿಸಿದಳು. ಹುಲ್ಲಿನ ಮೇಲೆ ಸುರುಳಿ ಸುತ್ತಿಟ್ಟ ಹಸಿರು ಪೈಪು ಕಣ್ಣಿಗೆ ಬಿತ್ತು. ಮುಟ್ಟಿ ನೋಡಿದಳು. ಪೈಪಿನ ಬಾಯಿ ಇನ್ನೂ ಒದ್ದೆ.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಬಂದು ಬಾದಾಮಿ ಗಿಡದ ಪಕ್ಕ ನಿಂತಳು. ಟೀಚರ್ ಹಿಂಬಾಗಿಲು ತೆರೆದು ಬಂದಳು, ಸದ್ದಾಗದಂತೆ ನಲ್ಲಿ ತಿರುಗಿಸಿದಳು, ಪೈಪು ಕೊಳಕ್ಕೆ ಇಳಿಬಿಟ್ಟಳು. ನೀರು ಗೆರೆ ಮುಟ್ಟುವವರೆಗೆ ಬಗ್ಗಿ ನೋಡುತ್ತ ನಿಂತಳು, ಮಲಗಿದ ಮಗುವಿಗೆ ಹೊದಿಕೆ ಸರಿಮಾಡುವವರ ಹಾಗೆ.

"ಎಷ್ಟು ದಿನದಿಂದ ಟೀಚರ್?"

ಟೀಚರ್ ಬೆಚ್ಚಿಬಿದ್ದಳು. ಪೈಪು ಕೈಜಾರಿ ನೀರೆಲ್ಲ ಸೀರೆಯ ಮೇಲೆ ಚಿಮ್ಮಿತು. "ಎರಡು ವರ್ಷ ಮೇಲಾಯ್ತು. ದಿನಾ ಎರಡು ಬೆರಳು ಇಳಿಯತ್ತೆ. ಅಕ್ಕ ನೋಡಿದ್ರೆ ಗಾಬರಿ ಆಗ್ತಾಳೆ, ಕೊಳ ಹಾಳಾಯ್ತು ಅಂತ ನೀರಿಗೆ ಇಳಿಯೋದೇ ಬಿಡ್ತಾಳೆ. ಅದಕ್ಕೇ ಏಳೋ ಮುಂಚೆ ತುಂಬಿಸ್ತೀನಿ. ನಿಮ್ಮ ಬಕೆಟ್ ಇರೋವಾಗ ಸುಮ್ನಿರಬೇಕಿತ್ತು. ಕೈ ಕೇಳಲಿಲ್ಲ." ಕೊಳದಮ್ಮನ ಕೈ ಹಿಡಿದುಕೊಂಡಳು. "ಅವಳಿಗೆ ಹೇಳ್ಬೇಡಿ."

ಲೆಕ್ಕದ ಟೀಚರ್. ದಿನಕ್ಕೆರಡು ಬೆರಳು, ಎರಡು ವರ್ಷ. ಅಷ್ಟು ನೀರು ಎಲ್ಲಿಗೆ ಹೋಯಿತು ಎಂಬ ಲೆಕ್ಕ ಮಾತ್ರ ಅವಳು ಮಾಡಿರಲಿಲ್ಲ.

ಅದನ್ನು ನೋಡಲು ಕೊಳದಮ್ಮ ಅಡುಗೆಮನೆ ಗೋಡೆಗೂ ಕೊಳಕ್ಕೂ ನಡುವೆ ಒಂದು ಸಣ್ಣ ಗುಂಡಿ ತೋಡಿದಳು. ಮಣ್ಣು ಕುಸಿಯದಂತೆ ಹಲಗೆ ಕೊಟ್ಟು, ಒಂದೊಂದೇ ಬುಟ್ಟಿ ಮಣ್ಣು ಮೇಲೆ ಕಳಿಸುತ್ತ. ಮೊದಲ ದಿನ ಒಣಮಣ್ಣು. ಎರಡನೆಯ ದಿನ ತಣ್ಣಗಿನ ಮಣ್ಣು. ಮೂರನೆಯ ದಿನದ ಸಂಜೆ, ಭುಜದ ಆಳಕ್ಕಿಂತ ಕೆಳಗೆ, ಹಾರೆ ಕೊಳದ ಕಡೆಯ ಮಣ್ಣನ್ನು ತೂರಿ ಕೈತಪ್ಪಿ ಒಳಗೇ ಹೋಯಿತು. ಆಚೆ ಮಣ್ಣೇ ಇರಲಿಲ್ಲ.

ತೂತು ದೊಡ್ಡದು ಮಾಡಿ ಟಾರ್ಚು ಹಿಡಿದು ತಲೆ ತೂರಿಸಿದಳು. ಮೂರು ಜನ ಕೂತು ಊಟ ಮಾಡುವಷ್ಟು ದೊಡ್ಡ ಗುಹೆ. ಚಾವಣಿಯೆಂದರೆ ಕೊಳದ ತಳದ ಕಾಂಕ್ರೀಟು. ಅದರಲ್ಲೊಂದು ತೆಳು ಬಿರುಕು, ಬಿರುಕಿನ ಉದ್ದಕ್ಕೂ ಹನಿಗಳು ಸಾಲಾಗಿ ತೂಗುತ್ತಿದ್ದವು. ಮೂಲೆಯಲ್ಲಿ ಹಳೆಯ ಪೈಪೊಂದರ ಕೂಡಿಕೆ ಬಾಯಿ ಬಿಟ್ಟು ದಾರದಂತೆ ನೀರು ಬಿಡುತ್ತಿತ್ತು. ಆ ದಾರವೇ ಎರಡು ವರ್ಷ ಕೂತು ಮಣ್ಣನ್ನು ಚೂರುಚೂರೇ ಕರಗಿಸಿ ಇಳಿಜಾರಿನ ಕಡೆ ಸಾಗಿಸಿತ್ತು. ಗುಹೆ ಮನೆಯ ಮೂಲೆಗಲ್ಲಿನ ಕೆಳಗೂ ಒಂದು ಮೊಳ ಚಾಚಿತ್ತು. ತಂಪು, ಮೌನ, ಒದ್ದೆ ಮಣ್ಣಿನ ವಾಸನೆ. ಇದನ್ನೆಲ್ಲ ಮೊದಲೇ ಕಂಡಿದ್ದೇನೆ ಅನ್ನಿಸಿತು ಅವಳಿಗೆ. ಆಗ ತಲೆಯ ಮೇಲೆ ಸದ್ದಾಯಿತು. ಡಬ್. ಸ್ವಲ್ಪ ಹೊತ್ತು. ಡಬ್. ಬಿದಿರ ಕೋಲು. ನಾಲ್ಕು ಗಂಟೆಯಾಗಿತ್ತು. ಅಂಚೆಯಕ್ಕ ತನ್ನ ಬೀದಿಗಳಿಗೆ ಹೊರಟಿದ್ದಳು, ಕೆಳಗೆ ಭೂಮಿಯೇ ಇಲ್ಲದ ದಾರಿಯಲ್ಲಿ.

ಕೊಳದಮ್ಮ ಏಣಿ ಹತ್ತಿದ್ದು ಅವಳಿಗೇ ನೆನಪಿಲ್ಲ. ಮೈಯೆಲ್ಲ ಕೆಸರು, ಕೊಳದ ಅಂಚಿನಲ್ಲಿ ಮಂಡಿಯೂರಿ, "ಅಕ್ಕಾ, ಮೆಟ್ಟಿಲ ಕಡೆ ಬನ್ನಿ. ಮೆಲ್ಲಗೆ. ಕೋಲು ಊರಬೇಡಿ," ಅಂದಳು.

ಅಂಚೆಯಕ್ಕ ಬಂದು ಮೆಟ್ಟಿಲ ಮೇಲೆ ಕೂತಳು. ಕೊಳದಮ್ಮನ ಮುಖ ನೋಡಿ ಏನೋ ತಿಳಿಯಿತು.

"ಒಂದು ಕೇಳ್ತೀನಿ, ನಿಜ ಹೇಳಿ. ನಡೆಯೋವಾಗ ತಳ ಹೇಗಿದೆ ಅನ್ಸತ್ತೆ?"

"ಹೇಗಿರತ್ತೆ? ಕೊಳದ ಥರ ಇರತ್ತೆ."

"ಅಕ್ಕ. ನಿಮ್ಮ ಕಾಲಿಗೆ ಊರಿನ ಮೆಟ್ಟಿಲೆಲ್ಲ ಗೊತ್ತು."

ಅಂಚೆಯಕ್ಕ ನೀರಿನಲ್ಲಿ ಬೆರಳಾಡಿಸಿದಳು. "ಏರು," ಅಂದಳು ಮೆಲ್ಲಗೆ. "ಹೋಗೋವಾಗ ಏರು, ಬರೋವಾಗ ಇಳಿಜಾರು. ಮೊದಮೊದಲು ಇರಲಿಲ್ಲ. ಆರು ವರ್ಷ ಬರೀ ಮಟ್ಟಸ ಬೀದೀಲಿ ನಡೆದೆ. ಒಂದಿನ ಕಾಲಿಗೆ ಏರು ಸಿಕ್ತು. ಇಷ್ಟೇ ಇಷ್ಟು. ನೀರ್ಟ್ಯಾಂಕಿನ ದಿಬ್ಬ ಕಣ್ರೀ ಅದು! ನಾನು ಇನ್ನು ಈ ಜನ್ಮಕ್ಕೆ ಹತ್ತಲ್ಲ ಅಂದ್ಕೊಂಡಿದ್ದ ದಿಬ್ಬ. ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಹೇಳಿದ್ರೆ ಸರಿ ಮಾಡಿಸ್ತಾಳೆ, ಏರು ಹೋಗತ್ತೆ ಅಂತ ಸುಮ್ನಿದ್ದೆ." ತಲೆಯೆತ್ತಿದಳು. "ಅವಳಿಗೆ ಹೇಳ್ಬೇಡಿ."

ಕೊಳದಮ್ಮ ಕೆಸರು ಕೈಯನ್ನೇ ಹಣೆಗೆ ಇಟ್ಟುಕೊಂಡಳು. ತಲೆಯ ಮೇಲೆ ಎಷ್ಟು ಬಾಂಡ್ಲಿ ಬೇಕಾದರೂ ಹೊತ್ತಾಳು. ಎರಡೆರಡು ಗುಟ್ಟು ಹೊರುವುದು ಅವಳಿಂದಾಗದ ಕೆಲಸ. "ಟೀಚರ್!" ಎಂದು ಕೂಗಿದಳು. "ಇಲ್ಲಿ ಬನ್ನಿ. ಕೂತ್ಕೊಳ್ಳಿ. ಇಬ್ರೂ ನನಗೆ ಹೇಳಿದ್ದನ್ನ ಒಬ್ರಿಗೊಬ್ರು ಹೇಳಿ. ನಾನು ಕೈಕಾಲು ತೊಳೆದು ಬರ್ತೀನಿ."

ಕೈಕಾಲು ತೊಳೆಯಲು ಅವಳು ಬಹಳ ಹೊತ್ತು ತೆಗೆದುಕೊಂಡಳು. ವಾಪಸು ಬಂದಾಗ ಅಕ್ಕ ತಂಗಿ ಇಬ್ಬರೂ ಮೆಟ್ಟಿಲ ಮೇಲೆ ನೀರಿನಲ್ಲಿ ಕಾಲಿಟ್ಟು ಕೂತಿದ್ದರು. ಮುಚ್ಚುವ ಮಾತೂ ಹೊರಬಿದ್ದಿತ್ತು.

"ದಿನಾ ಬೆಳಗ್ಗೆ ಕದ್ದು ನೀರು ಬಿಡ್ತಿದ್ದಳಂತೆ!" ಅಂದಳು ಅಂಚೆಯಕ್ಕ. "ಅದಕ್ಕೇ ಬೆಳಗ್ಗೆ ಇವಳ ಸೀರೆ ಅಂಚು ಒದ್ದೆ. ನಾನೋ, ಮುಖ ತೊಳೆಯೋಕೆ ಬರಲ್ಲ ಇವಳಿಗೆ ಅಂದ್ಕೊಂಡಿದ್ದೆ."

"ನೀನು ಮಾತಾಡ್ಬೇಡ. ಮನೆ ಮುಳುಗ್ತಿದ್ರೆ ದಿಬ್ಬ ಹತ್ತುತ್ತಿದ್ದಳಂತೆ!" ಟೀಚರ್ ಅಳುತ್ತಲೇ ಬೈಯುತ್ತಿದ್ದಳು.

"ನಿಮ್ಮ ಜಗಳ ಆಮೇಲೆ," ಅಂದ ಮೈದುನ. "ಮೊದಲು ಆ ನಲ್ಲಿ ಕಡೆ ಯಾರೂ ಸುಳೀಬಾರ್ದು. ಅಂಚೆಯಕ್ಕ, ನೀವು ನೀರಿಗೆ ಇಳಿಯೋ ಹಾಗಿಲ್ಲ."

ಜಗಳ ಅಲ್ಲಿಗೆ ನಿಂತಿತು. ಎಷ್ಟು ದಿನ ಎಂದು ಅಂಚೆಯಕ್ಕ ಕೇಳಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಊರುಗೋಲು ಕೊಡು ಎಂದು ತಂಗಿಯ ಕಡೆ ಕೈ ಚಾಚಿದಳು.

ಕೆಲಸ ನಿಧಾನವಾಗಿ ಸಾಗಿತು, ಸಾಗಬೇಕಾದ್ದೇ ಹಾಗೆ. ಬರಿದು ಮಾಡುವ ಮೊದಲು ಕೊಳದಮ್ಮ ಆಚೆ ಮೂಲೆಯಲ್ಲಿ ಆಳವಾದ ಇನ್ನೊಂದು ಗುಂಡಿ ತೋಡಿಸಿ, ಅಂತರ್ಜಲ ಎಲ್ಲಿ ನಿಲ್ಲುತ್ತದೆಂದು ನಾಲ್ಕು ದಿನ ಕಾದು ನೋಡಿದಳು. ಕೊಳದ ತಳಕ್ಕಿಂತ ಮೊಣಕಾಲಿನಷ್ಟು ಕೆಳಗೆ ನಿಂತಿತು. ಆದರೂ ಒಂದು ಪಂಪು ಇಳಿಬಿಟ್ಟು, ಗುಂಡಿಯ ನೀರು ಮೇಲೇರದಂತೆ ಕಾವಲಿಟ್ಟಳು. ಆಮೇಲೆ ಕೊಳದ ನೀರನ್ನು ದಿನಕ್ಕೊಂದು ಗೇಣಿನ ಹಾಗೆ ಇಳಿಸಿದಳು. ಚಾವಣಿಯ ಮೇಲಿನ ಬೆಳಕು ದಿನದಿನಕ್ಕೆ ಮಂಕಾಗುತ್ತ ಒಂದು ಬೆಳಗ್ಗೆ ಇಲ್ಲವಾಯಿತು. ಅಡುಗೆಮನೆ ಕಣ್ಣು ಮುಚ್ಚಿಕೊಂಡ ಹಾಗಾಯಿತು.

ಬರಿದಾದ ತಳದಲ್ಲಿ ಅಂಗೈ ಅಂಗೈ ಜಾಗ ತಟ್ಟುತ್ತ, "ಡಬ್" ಅಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದಳು. ಟೀಚರ್ ಮನೆಯಲ್ಲಿ ಸೀಮೆಸುಣ್ಣಕ್ಕೇನು ಬರ? ಗೆರೆಗಳು ಕೂಡಿ ಒಂದು ದೊಡ್ಡ ಆಕಾರವಾಯಿತು. ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಅಂಚೆಯಕ್ಕ, "ಮೋಡ," ಅಂದಳು. ಸ್ವಲ್ಪ ಹೊತ್ತಿಗೆ, "ಅಲ್ಲ, ಮಲಗಿದ ಹಸು." ಸಂಜೆಯ ಹೊತ್ತಿಗೆ ಮಂಡಿ ಒತ್ತಿಕೊಳ್ಳುತ್ತ ಕೂತಿದ್ದಳು. ಅವಳ ಕಾಲುಗಳು ಬಿಗಿದು ಮರಗಟ್ಟತೊಡಗಿದ್ದವು. ಮೊದಲ ವಾರ ಊರುಗೋಲಿನಲ್ಲಿ ಕಿಟಕಿಯವರೆಗೆ ಬರುತ್ತಿದ್ದಳು. ಮೂರನೆಯ ವಾರಕ್ಕೆ ಕುರ್ಚಿಯನ್ನೇ ಕಿಟಕಿಗೆ ತರಬೇಕಾಯಿತು. ಟೀಚರ್ ರಾತ್ರಿ ಕೂತು ಆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೊಳದಮ್ಮನೂ ನೋಡಿಯೂ ನೋಡದವಳಂತೆ ಬೆಳಗ್ಗೆ ಅರ್ಧ ಗಂಟೆ ಮೊದಲೇ ಬರತೊಡಗಿದಳು.

ಮೊದಲು ಮನೆಯ ಮೂಲೆಗಲ್ಲಿನ ಕೆಳಗೆ ಕಲ್ಲು, ಜೆಲ್ಲಿ, ಕಾಂಕ್ರೀಟು ಬಿಗಿದು ಆಸರೆ ಕೊಟ್ಟಳು. ಆಮೇಲೆ ಸೀಮೆಸುಣ್ಣದ ಗುರುತಿನೊಳಗೆ ಮೊಳಕ್ಕೊಂದರಂತೆ ತೂತು ಕೊರೆದು ಸಿಮೆಂಟು, ನಯವಾದ ಮರಳು, ನೀರು ಕಲಸಿದ ತೆಳು ಗಂಜಿಯನ್ನು ಕೈಪಂಪಿನಿಂದ ಕೆಳಕ್ಕೆ ತಳ್ಳಿದಳು. ಒಂದು ತೂತಿನಲ್ಲಿ ಕೊಟ್ಟರೆ ಗಂಜಿ ಕತ್ತಲೆಯಲ್ಲಿ ತನ್ನ ದಾರಿ ತಾನೇ ಹುಡುಕಿಕೊಂಡು ಪಕ್ಕದ ತೂತಿನಲ್ಲಿ ಇಣುಕುತ್ತಿತ್ತು. ಇಣುಕಿದ ಬಾಯಿಗೆ ಮರದ ಗೂಟ ಹೊಡೆದು ಮುಂದಿನದಕ್ಕೆ ಹೋಗುವುದು. ಅಡುಗೆಮನೆಯಲ್ಲಿ ಟೀಚರ್ ಗಾಜಿನ ಪಟ್ಟಿಗಳ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಕಾಲು ಗಂಟೆಗೊಮ್ಮೆ ಒಳಗಿಂದ ದನಿ, "ಮೂರೂ ಇದೆ!"

"ಪರೀಕ್ಷೆ ಹಾಲ್ ಇದ್ದಂಗಿದೆ," ಅಂದ ಮೈದುನ. "ಗಾಜು ಕಾಪಿ ಹೊಡೆಯದ ಹಾಗೆ ನೋಡ್ಕೊಳ್ಳಿ ಟೀಚರ್."

ಸಂಜೆಯ ಹೊತ್ತಿಗೆ ತಳವೆಲ್ಲ "ಟಕ್" ಅನ್ನತೊಡಗಿತು. ಕೊಳದಮ್ಮ ಕೈಪಂಪು ನಿಲ್ಲಿಸಿದಳು. ಟೀಚರ್ ಹೊರಗೆ ಬಂದು ತಳದ ಮೇಲಿಟ್ಟ ರಸಮಟ್ಟ ನೋಡಿದಳು. ಗುಳ್ಳೆ ಇನ್ನೂ ಒಂದು ಕಡೆಗೇ ವಾಲಿತ್ತು.

"ಇನ್ನೂ ಒತ್ತಿ. ಎದ್ದು ಸಮ ಆಗಲ್ವಾ?"

"ಏಳಬಹುದು. ಏಳೋವಾಗ ಮನೆ ಮೂಲೆನೂ ಎಬ್ಬಿಸಿಕೊಂಡೇ ಏಳತ್ತೆ. ಆಗ ನಿಮ್ಮ ಗಾಜಿಗೆ ನಾನು ಗ್ಯಾರಂಟಿ ಇಲ್ಲ. ಕೂತಿರೋ ನೆಲ ಗಟ್ಟಿಯಾಗಿ ಕೂತಿದೆ. ಕೂರಲಿ ಬಿಡಿ. ಈ ವಾಲು ಇನ್ನು ಹೆಚ್ಚಾಗಬಾರದು, ಅಷ್ಟೇ ನನಗೆ ಬೇಕಾದ್ದು."

ಟೀಚರ್ ಕಿಟಕಿಯ ಕಡೆ ನೋಡಿದಳು. ಕಿಟಕಿಯೊಳಗಿನ ಮುಖ ಬೇರೆಲ್ಲೋ ನೋಡುತ್ತಿರುವ ಹಾಗೆ ನಟಿಸಿತು.

ಕೊಳದ ತಳದ ಬಿರುಕಿಗೆ ಅಡ್ಡಲಾಗಿ ಕಬ್ಬಿಣದ ಸರಳು ಹೂತು ಹೊಲಿಗೆ ಹಾಕಿದರು, ನೀರು ತಡೆಯುವ ಗಿಲಾವು ಕೊಟ್ಟರು. ಮೈದುನ ಹಳೆಯ ಪೈಪಿನ ಬಾಯಿ ಮುಚ್ಚಿ, ಹೊಸದನ್ನು ಗೋಡೆಯ ಹೊರಗೆ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ಎಳೆದ. "ಇನ್ಮೇಲೆ ಸೋರಿದ್ರೆ ಎಲ್ಲರಿಗೂ ಗೊತ್ತಾಗಬೇಕು. ಈ ಮನೇಲಿ ಗುಟ್ಟು ಇಟ್ಕೊಳ್ಳೋ ಹಕ್ಕು ಪೈಪಿಗೂ ಇಲ್ಲ," ಅಂದ.

ಗಿಲಾವು ಬಲಿತ ಮೇಲೆ ನೀರು ಬಿಟ್ಟರು. ನಿಜವಾದ ಪರೀಕ್ಷೆ ಇದ್ದದ್ದು ಇಲ್ಲಿ. ಹೊಸ ನೆಲದ ಮೇಲೆ ಹಳೆಯ ಭಾರ ಮತ್ತೆ ಬಂದು ಕೂರಬೇಕು. ಮೊದಲ ದಿನ ಮೊಣಕಾಲು, ಎರಡನೆಯ ದಿನ ಸೊಂಟ, ಮೂರನೆಯ ದಿನ ನೀಲಿ ಸಾಲು. ಚಾವಣಿಗೆ ಬೆಳಕು ಮರಳಿತು. ಪಾತ್ರೆಗಳ ಮೇಲೆ ತೇಲಿತು, ಮೂರು ಗಾಜಿನ ಪಟ್ಟಿಗಳ ಮೇಲೆ ನಿಂತು ನಡುಗಿತು. ಟೀಚರ್ ಆ ವಾರವೆಲ್ಲ ಅಡುಗೆಮನೆಯಲ್ಲೇ ಇದ್ದಳು. ಒಗ್ಗರಣೆ ಸಿಡಿದರೂ ಓಡಿಹೋಗಿ ಗಾಜು ನೋಡುತ್ತಿದ್ದಳು. ಬಕೆಟ್ ಮತ್ತೆ ಮೆಟ್ಟಿಲೇರಿತು. ಈ ಸಲ ಬಕೆಟ್ಟೂ ಕೊಳವೂ ಒಂದೇ ಅಳತೆಯಲ್ಲಿ ಇಳಿದವು.

ಎಂಟನೆಯ ದಿನ ಕೊಳದಮ್ಮ ಬಂದು, ಮೂರು ಪಟ್ಟಿಗಳ ಮೇಲೂ ಹೆಬ್ಬೆರಳು ಸವರಿದಳು. ಬೆರಳಿಗೆ ಎಲ್ಲೂ ಒಡಕು ಸಿಗಲಿಲ್ಲ. ಟೀಚರ್ ಕಡೆ ತಿರುಗಿದಳು. ಇನ್ನು ತೀರ್ಮಾನ ಟೀಚರದು.

"ಎಂಜಿನಿಯರಿಗೆ ಫೋನ್ ಮಾಡ್ತೀನಿ," ಅಂದಳು ಟೀಚರ್. "ಮಣ್ಣು ಬೇಡ ಅಂತ." ಆಮೇಲೆ ದನಿ ಎತ್ತಿ, "ಅಕ್ಕಾ, ನಾಲ್ಕು ಗಂಟೆ ಆಯ್ತು ಕಣೇ."

ಅಂಚೆಯಕ್ಕನನ್ನು ಮೆಟ್ಟಿಲವರೆಗೆ ಇಬ್ಬರು ಹಿಡಿದು ತಂದರು. ಕೋಲು ಹಿಡಿದು ನೀರಿಗಿಳಿದಳು. ನೀರು ಎದೆಗೆ ಬಂತು. ಒಂದು ಹೆಜ್ಜೆ ಇಟ್ಟಳು. ಎರಡು. ಮೂರನೆಯದಕ್ಕೆ ಕಾಲು ನಡುಗಿ ಅಂಚು ಹಿಡಿದುಕೊಂಡಳು. ಇಷ್ಟು ದಿನದ ಕುರ್ಚಿ ಕಾಲಿನ ಬಲವನ್ನು ತಿಂದುಹಾಕಿತ್ತು. ಎದುರಿಗೆ ನಾಲ್ಕು ಬೆರಳಿನ ಏರು, ನಿಜವಾದ ದಿಬ್ಬದಷ್ಟೇ ಎತ್ತರವಾಗಿ ನಿಂತಿತ್ತು.

"ಆಗಲ್ಲ," ಅಂದಳು, ಯಾರ ಕಡೆಯೂ ನೋಡದೆ. "ಏರು ಜಾಸ್ತಿ ಆಗಿದೆ."

"ಏರು ಇದ್ದಷ್ಟೇ ಇದೆ ಅಕ್ಕ," ಅಂದಳು ಕೊಳದಮ್ಮ.

ಹಿಂದೆ ನೀರು ದಬಕ್ಕೆಂದಿತು. ಟೀಚರ್ ಉಟ್ಟ ಸೀರೆಯಲ್ಲೇ ಇಳಿದಿದ್ದಳು. ಎಂಟು ವರ್ಷ ಅಂಚಿನಲ್ಲಿ ಟವೆಲ್ ಹಿಡಿದು ನಿಂತವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕನ ತೋಳಿಗೆ ತನ್ನ ತೋಳು ಕೊಟ್ಟಳು. "ನಡಿ. ಎಲ್ಲಿಗೆ ಹೋಗ್ಬೇಕು?"

ಅಂಚೆಯಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೋಲನ್ನು ದಡಕ್ಕೆ ಎಸೆದು ತಂಗಿಯ ತೋಳಿನ ಮೇಲೆ ಭಾರ ಹಾಕಿದಳು. "ನೀರ್ಟ್ಯಾಂಕಿನ ದಿಬ್ಬ. ಒಂಬತ್ತು ಮನೆ. ಮೊದಲ್ನೇದು ದರ್ಜಿಯವರದು, ಮೆಲ್ಲಗೆ ಬಾಗಿಲು ತಟ್ಟು, ಅವರಿಗೆ ಮಧ್ಯಾಹ್ನ ನಿದ್ದೆ."

ಒಂದು ಹೆಜ್ಜೆ. ನಿಲ್ಲುವುದು. ಇನ್ನೊಂದು ಹೆಜ್ಜೆ. ಬಿಸಿಲು ಅವರ ಸುತ್ತ ನೀರಿನಲ್ಲಿ ಒಡೆಯುತ್ತ ಕೂಡುತ್ತ ಇತ್ತು. ಅರ್ಧ ದಾರಿಯಲ್ಲಿ ಅಂಚೆಯಕ್ಕ ತಂಗಿಯ ಕೈ ಹಿಡಿದೆಳೆದಳು.

"ಆ ಕಡೆ ಹೋಗ್ಬೇಡ. ಹಸಿರು ಗೇಟಿನ ಮನೆ ಅದು. ನಾಯಿ ಕಟ್ಟಿರಲ್ಲ."

ಲೆಕ್ಕದ ಟೀಚರ್ ಒಂದು ಕ್ಷಣ ತಡೆದಳು. ಆಮೇಲೆ ಎದೆಮಟ್ಟದ ನೀರಿನಲ್ಲಿ ಸೀರೆ ಎತ್ತಿ ಹಿಡಿದು, ಸದ್ದಾಗದ ಹಾಗೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಡೆದಳು.